ಊರಿಗೆಲ್ಲ ಒಬ್ಬನೇ ವರ

ನನ್ನನ್ನು ಯಾರಾದರೂ ಸೋಮಾರಿ ಎಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಯಾರೂ ಇಲ್ಲದಾಗ ಮಾತ್ರ ಒಪ್ಪಿಕೊಳ್ಳುತ್ತೇನೆ. ಎರಡು ಸಾವಿರದ ಆರರ ಸುಮಾರಿಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಮಹಡಿಯ ಮೇಲೆ ಎರಡು ಕಂಪ್ಯೂಟರ್ ಇಟ್ಟುಕೊಂಡು ತಂತ್ರಾಂಶ ಬರೆಯುತ್ತಿದ್ದೆ. ಬರೆಯುತ್ತಿದ್ದೆ ಎಂದರೂ ಹೆಚ್ಚಾಯಿತು. ನಮಗೆ ಬೇಕಾದದ್ದನ್ನು ಹೇಳಿದರೆ ಸಾಕು, ಡೇಟಾಬೇಸಿಗೆ ಕೇಳಬೇಕಾದ ಪ್ರಶ್ನೆಯನ್ನು, ಅಂದರೆ ಕ್ವೆರಿಯನ್ನು, ತಾನೇ ಬರೆದು ಕೇಳುವ 'ಲೈಬ್ರರಿ' ಎಂಬ ಸಿದ್ಧ ತಂತ್ರಾಂಶವೊಂದು ಸಿಕ್ಕಿತ್ತು. ಅಂದಿನಿಂದ ಕೈಯಾರೆ ಕ್ವೆರಿ ಬರೆಯುವವರನ್ನು ಕಂಡರೆ, ಗ್ರೈಂಡರ್ ಇದ್ದೂ ಒರಳಲ್ಲಿ ರುಬ್ಬುವವರನ್ನು ಕಂಡಂತೆ ಕನಿಕರಪಡುತ್ತಿದ್ದೆ.

ಆಗಲೇ ಗುರುಪಾದಪ್ಪ ಕಾಕಾ ತಮ್ಮ ವಧು-ವರ ಕೇಂದ್ರದ ದೊಡ್ಡ ರಿಜಿಸ್ಟರನ್ನು ಹೊತ್ತು ತಂದರು. ಹೆಣ್ಣು ಹೆತ್ತವರಿಗೆ ಕಳಿಸಲು ವರಗಳ ಪಟ್ಟಿ ಬೇಕಿತ್ತು. "ಒಂದ ಮಾತು ನೆನಪಿಡು ತಮ್ಮಾ," ಎಂದರು, "ಒಂದ ಮನ್ಯಾಗಿಂದ ಒಬ್ಬನ ಹೆಸರ ಬರಬೇಕು, ಹಿರೇ ಮಗಂದು. ಅಂವಂದ ಲಗ್ನ ಆಗೂತನಕಾ ಸಣ್ಣಾಂವನ ಹೆಸರು ಹೊರಗ ಬರಬಾರದು." ರಿಜಿಸ್ಟರಿನಲ್ಲಿ ಹೆಸರು ಬರೆಸಿದ್ದ ನನ್ನ ತಮ್ಮ ಈರಣ್ಣನಿಗೂ ಈ ಪಟ್ಟಿಯ ಮೇಲೇ ಕಣ್ಣು. ಧಾರವಾಡದ ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದ ಅವನು ಅಲ್ಲೇ ಪಾಠ ಹೇಳುವ ಹುಡುಗಿಯೊಬ್ಬಳನ್ನು ಮೆಚ್ಚಿದ್ದ. ಅವಳೂ ಒಪ್ಪಿದ್ದಳು. ಆದರೆ ಅವಳ ಅಪ್ಪ ಕಾಕಾನ ಪಟ್ಟಿಯಲ್ಲಿ ಇಲ್ಲದ ಹುಡುಗನ ಕಡೆ ತಿರುಗಿಯೂ ನೋಡುವವರಲ್ಲ. "ಚಿಂತಿ ಮಾಡಬ್ಯಾಡ, ಪಟ್ಟಿ ಮಾಡಾಂವ ನಾನ ಅದೇನಿ," ಎಂದು ತಮ್ಮನ ಬೆನ್ನು ತಟ್ಟಿದೆ.

ರಿಜಿಸ್ಟರನ್ನು ಬೇರೆಯವರಿಂದ ಟೈಪ್ ಮಾಡಿಸಿ ಕಂಪ್ಯೂಟರಿಗೆ ಏರಿಸಿದ ಮೇಲೆ ಕೆಲಸ ಸರಳವಿತ್ತು. ಒಳಗೊಂದು ಪ್ರಶ್ನೆ: ಒಂದೊಂದು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಿನ ವಯಸ್ಸು ಎಷ್ಟು? ಹೊರಗೊಂದು ಪ್ರಶ್ನೆ: ಆ ವಯಸ್ಸಿನವನು ಯಾರು? ಲೈಬ್ರರಿಗೆ ಇದನ್ನೆಲ್ಲ ವಿವರವಾಗಿ ಹೇಳಿದೆ. ಅದು ಮಾತ್ರ ಒಳಗಿನ ಪ್ರಶ್ನೆ ಬರೆಯುವಾಗ 'ಒಂದೊಂದು ಮನೆಯಲ್ಲಿ' ಎಂಬುದನ್ನು ನುಂಗಿ ನೀರು ಕುಡಿಯಿತು. ಉಳಿದದ್ದು, ಇಡೀ ರಿಜಿಸ್ಟರಿನಲ್ಲಿ ಎಲ್ಲರಿಗಿಂತ ಹಿರಿಯ ಯಾರು ಎಂಬುದಷ್ಟೇ. ಉತ್ತರವಾಗಿ ಒಂದೇ ಹೆಸರು ಬಂತು: ಗಬ್ಬೂರಿನ ಫಕೀರಪ್ಪ, ನಿವೃತ್ತ ಡ್ರಾಯಿಂಗ್ ಮಾಸ್ತರರು, ವಯಸ್ಸು ಅರವತ್ತೊಂದು. ನಾನು ಪಟ್ಟಿಯನ್ನು ನೋಡಲೇ ಇಲ್ಲ. ಲೈಬ್ರರಿ ಮಾಡಿದ ಕೆಲಸವನ್ನು ಮತ್ತೆ ನೋಡುವುದಾದರೆ ಲೈಬ್ರರಿ ಯಾಕೆ? ಪ್ರಿಂಟ್ ತೆಗೆದು ಲಕೋಟೆಗೆ ಹಾಕಿ ಊರಿಗೆಲ್ಲ ಅಂಚೆಗೆ ಹಾಕಿಸಿದೆ.

ನಾಲ್ಕನೆಯ ದಿನ ಫಕೀರಪ್ಪ ಮಾಸ್ತರರೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಹಡಿ ಹತ್ತಿ ಬಂದರು. ಅವರ ಹಿಂದೆ ಏದುಸಿರು ಬಿಡುತ್ತ ಕಾಕಾ.

"ಇಪ್ಪತ್ತ ವರ್ಷ ಆತ್ರಿ ಹೆಸರ ಬರಿಸಿ, ಒಂದ ಫೋನ್ ಬಂದಿದ್ದಿಲ್ಲ," ಎಂದರು ಮಾಸ್ತರರು. "ಈಗ ನಿನ್ನೆಯಿಂದ ಫೋನ್ ಕೆಳಗ ಇಡಾಕ ಬಿಡವಲ್ರು. ಕೆಲವರು ಬೈದ್ರು, ಇಬ್ಬರು ಮಾತ್ರ ಛಲೋ ಮಾತಾಡಿದ್ರು. ವಿಚಾರ ಮಾಡಾಕ ನನಗ ಒಂದ ವಾರ ಟೈಮ್ ಕೊಡ್ರಿ."

ಕಾಕಾ ನನ್ನ ಕಡೆ ತಿರುಗಿ, "ನನ್ನ ಮರ್ಯಾದಿ ಮಣ್ಣಪಾಲ ಮಾಡಿದಿ," ಎಂದರು. ಲೈಬ್ರರಿಯ ತಪ್ಪು ಎಂದು ಅರ್ಧ ಗಂಟೆ ವಿವರಿಸಿದೆ. ಅದು ಯಾರೋ ಆಳು ಮನುಷ್ಯನಿರಬೇಕೆಂದು ತಿಳಿದ ಕಾಕಾ, "ಮೊದಲ ಅಂವನ್ನ ಕೆಲಸದಿಂದ ತಗಿ," ಎಂದು ಅಪ್ಪಣೆ ಕೊಡಿಸಿ ಇಳಿದು ಹೋದರು.

ವಿಧಿಯಿಲ್ಲದೆ ಕ್ವೆರಿಯನ್ನು ಕೈಯಾರೆ ಬರೆದೆ. ನಿಜ ಹೇಳುತ್ತೇನೆ, ನಾಲ್ಕೇ ಸಾಲು. ಈ ಸಲ ಪಟ್ಟಿ ಚೆನ್ನಾಗಿ ಬಂತು, ಮನೆಗೆ ಒಬ್ಬರಂತೆ. ಪಕ್ಕದಲ್ಲೇ ಕೂತಿದ್ದ ಈರಣ್ಣ ನಮ್ಮ ಮನೆಯ ಸಾಲನ್ನು ಹುಡುಕಿ ಬೆರಳಿಟ್ಟು ತೋರಿಸಿದ. ಅಲ್ಲಿದ್ದದ್ದು ಅವ್ವ ಎಂದೋ ಬರೆಸಿದ್ದ ನನ್ನ ಹೆಸರು, ವಯಸ್ಸು ಮೂವತ್ತೊಂಬತ್ತು. ಊರ ಮನೆಗಳಿಗೆಲ್ಲ ನಿಯಮ ಹಾಕುವಾಗ ನಮ್ಮದೂ ಒಂದು ಮನೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಇರ್ಲಿ ಬಿಡಣ್ಣಾ," ಎಂದ ಈರಣ್ಣ, "ಮೊದಲಿನ ಪಟ್ಟಿನ ಛಲೋ ಇತ್ತು. ಅದರಾಗ ಮಾಸ್ತರದ ಬಿಟ್ಟು ಯಾರದೂ ಹೆಸರಿದ್ದಿಲ್ಲ." ಅವನು ಚಹಾಕ್ಕೆಂದು ಕೆಳಗಿಳಿದ ಕೂಡಲೇ ಕಂಪ್ಯೂಟರಿನಲ್ಲಿದ್ದ ರಿಜಿಸ್ಟರಿನಿಂದ ನನ್ನ ಹೆಸರನ್ನು ಅಳಿಸಿಹಾಕಿದೆ. ಮತ್ತೆ ಪಟ್ಟಿ ತೆಗೆದಾಗ ನಮ್ಮ ಮನೆಯ ಹಿರಿಯ ಈರಣ್ಣನೇ ಆಗಿದ್ದ.

ಆ ಪಟ್ಟಿಯೇ ಊರಿಗೆಲ್ಲ ಹೋಯಿತು, ಶ್ರಾವಣದಲ್ಲಿ ಮೆಚ್ಚಿದ ಹುಡುಗಿಯೊಂದಿಗೇ ಅವನ ಮದುವೆಯಾಯಿತು. ಚಪ್ಪರದಲ್ಲಿ ಅವ್ವ ಕಾಕಾನನ್ನು ತಡೆದು ನಿಲ್ಲಿಸಿ, "ಹಿರ್ಯಾಂದು ಹೆಸರು ಎಲ್ಲಿ ಹೋತ್ರಿ?" ಎಂದು ಕೇಳಿದಳು. ಕಾಕಾ ನನ್ನನ್ನು ನೋಡಿದರು. "ಲೈಬ್ರರಿ ತಪ್ಪು," ಎಂದೆ.

"ಅಂವನ್ನ ಇನ್ನೂ ತಗದಿಲ್ಲೇನ?" ಎಂದು ಕಾಕಾ ಸಿಡುಕಿದರು. ತೆಗೆಯುವುದು ಹೇಗೆ? ಇಷ್ಟು ನಿಷ್ಠೆಯಿಂದ ನನ್ನ ತಪ್ಪು ಹೊರುವವರು ಬೇರೆ ಯಾರಿದ್ದಾರೆ?