ಶಾಲಿನಿ ಓದಿದ ಫೈಲು

ಒಂದೇ ಥರ ಕಾಣುವ ಎರಡು ವಸ್ತುಗಳನ್ನು ಮುಂದಿಟ್ಟು ವ್ಯತ್ಯಾಸ ಹೇಳು ಎಂದರೆ, ನನ್ನ ಮನಸ್ಸು ಮೆಲ್ಲಗೆ ಎದ್ದು ಹೊರಟುಬಿಡುತ್ತದೆ. ವಾರಪತ್ರಿಕೆಯ 'ವ್ಯತ್ಯಾಸ ಗುರುತಿಸಿ' ಚಿತ್ರಗಳಲ್ಲೂ ನಾನು ಬಲಗಡೆಯ ಮರದ ನೆರಳಲ್ಲಿ ಹೋಗಿ ಕೂತುಬಿಡುತ್ತಿದ್ದೆ. ಅಂಥವನಿಗೆ ಗುಡಗಾಂವಿನ ಸಾಫ್ಟ್‌ವೇರ್ ಕಚೇರಿಯೊಂದು ಕೆಲಸ ಕೊಟ್ಟಿತ್ತು.

ಅದು ಚಳಿಗಾಲ. ನಮ್ಮ ಪ್ರೋಗ್ರಾಂ ಸಹೋದ್ಯೋಗಿ ಶಾಲಿನಿಯ ಕಂಪ್ಯೂಟರಿನಲ್ಲಿ ಓಡುತ್ತಿತ್ತು, ನನ್ನ ಲ್ಯಾಪ್‌ಟಾಪಿನಲ್ಲಿ ಮಕಾಡೆ ಮಲಗುತ್ತಿತ್ತು. ಸಂಜೆ ಗ್ರಾಹಕರಿಗೆ ತೋರಿಸಬೇಕಾದದ್ದು ಆ ಲ್ಯಾಪ್‌ಟಾಪಿನಲ್ಲೇ! ಇಬ್ಬರ ಸೆಟ್ಟಿಂಗ್ ಫೈಲುಗಳಲ್ಲಿ ಎಲ್ಲೋ ವ್ಯತ್ಯಾಸವಿತ್ತು. ಹೋಲಿಸುವ ತಂತ್ರಾಂಶಕ್ಕೆ ಕೊಟ್ಟರೆ ಅದು ಪ್ರತಿ ಸಾಲೂ ಬೇರೆ ಎಂದು ಪರದೆಯನ್ನೆಲ್ಲ ಕೆಂಪು ಮಾಡಿತು. ಸಾಲುಗಳ ಕೊನೆಯಲ್ಲಿ ಕಣ್ಣಿಗೆ ಕಾಣದ ಗುರುತುಗಳು ಬೇರೆಬೇರೆ ಇದ್ದವೆಂದು ತಿಳಿದದ್ದು ಆಮೇಲೆ.

"ಛೋಡೋ, ಪ್ರಿಂಟ್ ತಗೊಳ್ಳೋಣ. ನಂದು ನಾನು ಓದ್ತೀನಿ, ನೀವು ನಿಮ್ಮದ್ರಲ್ಲಿ ನೋಡ್ತಾ ಹೋಗಿ," ಎಂದಳು ಶಾಲಿನಿ. ದೆಹಲಿಯ ಕರೋಲ್ ಬಾಗಿನ ಉಡುಪಿ ಹೋಟೆಲಿನವರ ಮಗಳು. ಅವಳ ಕನ್ನಡ ಸದಾ ಹಿಂದಿಯ ರಜಾಯಿ ಹೊದ್ದಿರುತ್ತಿತ್ತು.

ತಾರಸಿಗೆ ಹೋದೆವು. ಮಂಜು ಆಗಷ್ಟೇ ಕರಗಿ ಎಳೆಬಿಸಿಲು ಬಿದ್ದಿತ್ತು. ಅರ್ಧ ಕಟ್ಟಿದ ಕಟ್ಟಡಗಳ ಮೇಲೆ ಕ್ರೇನುಗಳು ನಿದ್ದೆಯಲ್ಲಿರುವಂತೆ ತಿರುಗುತ್ತಿದ್ದವು. ಅವುಗಳಾಚೆ ಸಾಸಿವೆ ಹೊಲದ ಹಳದಿ. ಅವಳು ಓದಿದಳು. ಪೋರ್ಟ್ ಎಂದಳು, ಪಾತ್ ಎಂದಳು. ನನಗೆ ಯಾವುದೋ ಬಂದರು, ಯಾವುದೋ ಹಾದಿ ಕಂಡಿತು. ಪ್ರತಿ ಸಾಲಿಗೂ "ಹ್ಞೂಂ" ಎಂದೆ. ಹಾಳೆ ಮುಗಿದಾಗ ಇಷ್ಟು ಬೇಗವೇ ಎಂದು ಬೇಸರವಾಯಿತು.

"ಅಚ್ಛಾ, ದೋನೋಂ ಸೇಮ್ ಹೈ?" ಎಂದು ಕೆಳಗಿಳಿದು ಬಂದಾಗ ಕೇಳಿದರು ನಮ್ಮ ಮುಖ್ಯಸ್ಥ ಭಟ್ನಾಗರ್.

"ಬಿಲ್ಕುಲ್ ಸೇಮ್," ಎಂದೆ.

ಲ್ಯಾಪ್‌ಟಾಪನ್ನು ಒಮ್ಮೆ ಆರಿಸಿ ಹಚ್ಚಿದರೆ ಸರಿಹೋದೀತೆಂದು ನಂಬಿದೆವು. ಸಂಜೆ ಗ್ರಾಹಕರೆದುರು ಪ್ರೋಗ್ರಾಂ ಮತ್ತೆ ಮಲಗಿತು. ಭಟ್ನಾಗರ್ ಎಲ್ಲರಿಗೂ ಇನ್ನೊಮ್ಮೆ ಚಹಾ ತರಿಸಿದರು. ಅದು ಮುಗಿಯುವಷ್ಟರಲ್ಲಿ ಶಾಲಿನಿ ಎರಡೂ ಹಾಳೆಗಳನ್ನು ಪಕ್ಕಪಕ್ಕ ಹಿಡಿದು ತಪ್ಪು ಹಿಡಿದಳು.

"ನಾನು ಟೈಮ್‌ಔಟ್ ಮುನ್ನೂರು ಅಂತ ಓದಿದ್ದೆ. ನಿಮ್ಮದ್ರಲ್ಲಿ ಮೂವತ್ತಿದೆ! ನಾನು ಓದುವಾಗ ಏನು ಕೇಳಿಸ್ಕೊಳ್ತಿದ್ರಿ?"

"ನಿಮ್ಮನ್ನೇ," ಎಂದುಬಿಟ್ಟೆ.

ಅವಳ ಕಿವಿ ಕೆಂಪಾಯಿತು. ಚಳಿಗೂ ಇರಬಹುದು. ಪ್ರೋಗ್ರಾಂ ಕಾಯಬೇಕಾದ ಸೆಕೆಂಡುಗಳಿಗೆ ಒಂದು ಸೊನ್ನೆ ಸೇರಿಸಿ, ಗ್ರಾಹಕರನ್ನು ನಗಿಸಿ ಕಳುಹಿಸಿದ್ದಾಯಿತು.

ಮುಂದಿನ ಸಲ ಹೋಲಿಸುವ ಕೆಲಸ ಬಂದಾಗ ನಾನು ಕಾಗದ ಹಿಡಿದು ತಾರಸಿಯಲ್ಲಿ ಸಿದ್ಧನಾಗಿದ್ದೆ. ಶಾಲಿನಿ ಪಕ್ಕದ ಮೇಜಿನ ಹರ್‌ಪ್ರೀತನನ್ನು ಕರೆತಂದಳು. "ಇನ್ಮೇಲೆ ಇವರು ಓದ್ತಾರೆ," ಎಂದು ನಕ್ಕು, ಆಚೆ ಬಿಸಿಲಿಗೆ ಬೆನ್ನು ಕೊಟ್ಟು ಕಿತ್ತಳೆ ಸುಲಿಯತೊಡಗಿದಳು. ಹರ್‌ಪ್ರೀತನ ದನಿ ಘಟ್ಟ ಹತ್ತುವ ಲಾರಿಯದು. ಒಂದು ಅಲ್ಪವಿರಾಮವೂ ನನ್ನಿಂದ ತಪ್ಪಿಸಿಕೊಳ್ಳಲಿಲ್ಲ. ಭಟ್ನಾಗರ್ ಎಲ್ಲರೆದುರು ನನ್ನ ಏಕಾಗ್ರತೆಯನ್ನು ಕೊಂಡಾಡಿದರು. ಅಷ್ಟು ದುಃಖದ ಹೊಗಳಿಕೆ ನನಗೆ ಮತ್ತೆಂದೂ ಸಿಕ್ಕಿಲ್ಲ.