ಟೈಪಿಸ್ಟ್ ಅವರ ಮನೆಬಾಗಿಲಿನ ದುರ್ವರ್ತನೆ ಕುರಿತು

ಸಂಖ್ಯೆ: ಸಿಬ್ಬಂದಿ/ಬಾಗಿಲು/17/ಮರುಪರಿಷ್ಕೃತ

ವಿಷಯ: ಮಹಿಳಾ ಸಿಬ್ಬಂದಿಗೆ ಹೊಡೆಯುತ್ತಿರುವ ಬಾಗಿಲುಗಳ ಮೇಲೆ ಶಿಸ್ತುಕ್ರಮ.

ಉಲ್ಲೇಖ: ದೌರ್ಜನ್ಯ ತಡೆ ಮತ್ತು ಮಾನಸಿಕ ಆರೋಗ್ಯ ಜಾಗೃತಿ ಸಪ್ತಾಹದ ವರದಿ (ಭಾಷಣ ಹನ್ನೊಂದು, ಚಪ್ಪಾಳೆ ಹನ್ನೊಂದು, ಪ್ರಶ್ನೆ ಇಲ್ಲ).

ಈ ಕಚೇರಿಯ ಟೈಪಿಸ್ಟ್ ನಾಲ್ಕು ತಿಂಗಳಲ್ಲಿ ನಾಲ್ಕು ಬಾರಿ ಊದಿದ ಕೆನ್ನೆಯೊಂದಿಗೆ ಹಾಜರಾಗಿ, ಪ್ರತಿ ಸಲವೂ "ಮನೆ ಬಾಗಿಲು ತಗುಲ್ತು ಸಾರ್" ಎಂದು ನಿವೇದಿಸಿಕೊಂಡಿರುತ್ತಾರೆ. ಮಹಿಳೆಯರ ಮಾತನ್ನು ನಂಬುವುದಾಗಿ ಸಪ್ತಾಹದಲ್ಲಿ ಪ್ರತಿಜ್ಞೆ ಮಾಡಿರುವುದರಿಂದ ಕಚೇರಿಯು ಅವರನ್ನು ಪೂರ್ತಿಯಾಗಿ ನಂಬಿ, ಈ ಕೆಳಕಂಡಂತೆ ಆದೇಶಿಸಿದೆ:

1. ಮಹಿಳೆಯರು ಹಾದುಹೋಗುವಾಗ ಎಲ್ಲ ಬಾಗಿಲುಗಳು ಗೋಡೆಗೆ ಬೆನ್ನು ಹಚ್ಚಿ ನಿಲ್ಲತಕ್ಕದ್ದು.

2. ಪ್ರತಿ ಬಾಗಿಲೂ ತನ್ನ ನಡತೆಯ ಬಗ್ಗೆ ಪಕ್ಕದ ಕಿಟಕಿಯಿಂದ ಪ್ರಮಾಣಪತ್ರ ಪಡೆಯತಕ್ಕದ್ದು.

3. ಸಿಟ್ಟಿನ ಸ್ವಭಾವದ ಬಾಗಿಲುಗಳನ್ನು ಕಳಚಿ ಆಪ್ತಸಮಾಲೋಚಕಿಯ ಬಳಿ ಕೂರಿಸತಕ್ಕದ್ದು. ದಾಸ್ತಾನು ಕೊಠಡಿಯ ಬಾಗಿಲು ಈಗಾಗಲೇ ಮೂರು ಸಲ ಕೂತಿದೆ. ಇನ್ನೂ ಬಾಯಿ ಬಿಟ್ಟಿಲ್ಲ. ಮೂರೂ ಸಲ ಟೈಪಿಸ್ಟ್ ಹೊರಗಿನ ಬೆಂಚಿನಲ್ಲಿ ಕಾದಿದ್ದುದು ಗಮನಕ್ಕೆ ಬಂದಿದ್ದು, ಬಾಗಿಲುಗಳಿಗೆ ಆದ್ಯತೆ ಇರುವ ಕಾರಣ ಅವರನ್ನು ವಾಪಸ್ ಕಳುಹಿಸಲಾಗಿದೆ.

4. ಡ್ರಾಯರ್ ಎಳೆದ ಸದ್ದಿಗೂ ಅವರು ಬೆಚ್ಚಿಬೀಳುತ್ತಿರುವುದರಿಂದ ಎಲ್ಲ ಡ್ರಾಯರ್‌ಗಳಿಗೆ ಎಣ್ಣೆ ಬಿಡಲಾಗಿದೆ. ಅವರಿಗೆ ನಿದ್ದೆಯೂ ಬರುತ್ತಿಲ್ಲವಂತೆ. ಅದಕ್ಕೆ ಎಲ್ಲಿ ಎಣ್ಣೆ ಬಿಡಬೇಕೆಂಬ ಬಗ್ಗೆ ಮಾರ್ಗದರ್ಶನ ಕೋರಲಾಗಿದೆ.

5. ಆರೋಪಿ ಬಾಗಿಲನ್ನು ವಶಕ್ಕೆ ಪಡೆಯಲು ಟೈಪಿಸ್ಟ್ ಮನೆಗೆ ತೆರಳಿದ್ದ ಕಚೇರಿ ಬಡಗಿಯ ಹೇಳಿಕೆ: "ಒಳಗೆ ಬಾಗಿಲೇ ಇಲ್ಲ ಸಾರ್, ಪರದೆ. ಇರೋದೊಂದು ಮುಂಬಾಗಿಲು, ಅದೂ ಹೊರಕ್ಕೆ ತೆಗೆಯತ್ತೆ. ಟೇಪ್ ಹಿಡಿದು ಅಳೆದೆ. ಪರದೆ ತಗುಲಿದ್ರೆ ಕೆನ್ನೆ ಮೇಲೆ ಐದು ಬೆರಳು ಮೂಡಲ್ಲ. 'ಏನಮ್ಮಾ ಇದು?' ಅಂದೆ. ಆಯಮ್ಮನ ಗಂಡ ಅಡ್ಡ ಬಂದು, 'ನಿನಗ್ಯಾಕಯ್ಯ ನಮ್ಮನೆ ವಿಷಯ? ಹೊಡೆದಿದ್ದು ಯಾವುದು ಅಂತ ನೋಡಕ್ಕೆ ತಾನೆ ಬಂದಿದ್ದು, ನೋಡ್ಕೊಂಡು ಹೋಗು' ಅಂದ. 'ಅದನ್ನೇ ನೋಡ್ತಾ ಇದೀನಿ ಸ್ವಾಮಿ' ಅಂದೆ."

6. ಸದರಿ ಹೇಳಿಕೆಯನ್ನು ಟೈಪ್ ಮಾಡುತ್ತಿದ್ದ ಟೈಪಿಸ್ಟ್ ಅರ್ಧಕ್ಕೆ ನಿಲ್ಲಿಸಿ, ಮೊದಲು ಬಿದ್ದು ಬಿದ್ದು ನಕ್ಕು, ಆಮೇಲೆ ಅತ್ತು, ಕೆಳಗೊಂದು ಸಾಲು ತಾವಾಗಿಯೇ ಸೇರಿಸಿರುತ್ತಾರೆ: "ಬಾಗಿಲಲ್ಲ ಸಾರ್, ನನ್ನ ಗಂಡ. ಇವತ್ತು ಆ ಮನೆಗೆ ಹೋಗಲ್ಲ." ಪೂರ್ವಾನುಮತಿ ಇಲ್ಲದ ಈ ಸೇರ್ಪಡೆಯನ್ನು ಪರಿಶೀಲಿಸಿ, ಇಡೀ ಕಡತದಲ್ಲಿ ತಪ್ಪಿಲ್ಲದ ಸಾಲು ಇದೊಂದೇ ಎಂದು ಕಂಡುಬಂದುದರಿಂದ ಉಳಿಸಿಕೊಳ್ಳಲಾಗಿದೆ.

7. ಆದುದರಿಂದ ಕಲಂ 1ರಿಂದ 4 ರದ್ದು. ಬಾಗಿಲುಗಳ ಕ್ಷಮೆ ಕೋರಲಾಗಿದೆ. ಸಮಾಲೋಚಕಿಯ ಎದುರಿನ ಕುರ್ಚಿಯಿಂದ ದಾಸ್ತಾನು ಬಾಗಿಲನ್ನು ಈ ಕ್ಷಣವೇ ಎಬ್ಬಿಸಿ, ಆ ಕುರ್ಚಿಯನ್ನು ಟೈಪಿಸ್ಟ್ ಅವರಿಗೆ ಬಿಟ್ಟುಕೊಡತಕ್ಕದ್ದು. ಇನ್ನು ಮುಂದೆ ಬಾಗಿಲು ತಗುಲಿತೆಂದು ಯಾರೇ ಹೇಳಿದರೂ, ಬಡಗಿಯನ್ನು ಕಳುಹಿಸುವ ಮುನ್ನ ಅವರ ಪಕ್ಕದಲ್ಲಿ ಕೂತು ಒಂದು ಮಾತು ಕೇಳತಕ್ಕದ್ದು.

ಸಹಿ/-
ಕಚೇರಿ ವ್ಯವಸ್ಥಾಪಕರು
(ತಲೆ ತಗ್ಗಿಸಿ ಸಹಿ ಮಾಡಲಾಗಿದೆ)

ಪ್ರತಿಗಳು:
1. ಮಹಿಳಾ ಪೊಲೀಸ್ ಠಾಣೆಗೆ: ಟೈಪಿಸ್ಟ್ ಅವರೇ ಸಹಿ ಮಾಡಿದ ದೂರಿನೊಂದಿಗೆ.
2. ಬಡಗಿಗೆ: ಟೇಪನ್ನು ಸಾಕ್ಷ್ಯವಾಗಿ ಒಪ್ಪಿಸಲು.
3. ಟೈಪಿಸ್ಟ್ ಅವರ ಅಕ್ಕನಿಗೆ: ಇಂದು ಸಂಜೆಯಿಂದ ಮನೆಯಲ್ಲಿ ಒಬ್ಬರು ಹೆಚ್ಚಾಗುವ ಬಗ್ಗೆ. (ಕ್ರಮಾಂಕ 4ರ ಪ್ರತಿಯಲ್ಲಿ ಈ ಸಾಲನ್ನು ಅಳಿಸತಕ್ಕದ್ದು.)
4. ಪತಿ ಮಹಾಶಯರಿಗೆ: ಅಂಚೆಯಲ್ಲಿ ಕಳುಹಿಸಲಾಗುವುದಿಲ್ಲ. ಠಾಣೆಗೆ ಖುದ್ದಾಗಿ ಹಾಜರಾಗಿ ಪಡೆದುಕೊಳ್ಳತಕ್ಕದ್ದು.