ಶಾಣ್ಯಾಕಿಗೆ ಬಾಯಿ ಬಂತು

ಗದಗ ಹೊಸ ಜಿಲ್ಲಾ ಆದ ಮ್ಯಾಲೆ ನನಗೊಂದು ನೌಕರಿ ಸಿಕ್ಕಿತು. ಊರೂರ ಸಾಲಿಗೆ ಹೋಗಿ, ಮನಸಿಗೆ ತ್ರಾಸ ಇದ್ದ ಮಕ್ಕಳ ಜೋಡಿ ಕುಂತು ಮಾತಾಡೋದು. ಮಕ್ಕಳು ಅಳಸತಾರ, ದೊಡ್ಡವರು ನಗಸತಾರ. ಈ ನೌಕರಿ ಇರೋದ ಹಂಗ.

೧. ಪಗಾರ

ಶಿರಹಟ್ಟಿ ಸಾಲಿ ಜವಾನ ಚಹಾ ತಂದಿಟ್ಟು ಕೇಳಿದ, "ಅಕ್ಕಾರ, ನಿಮ್ಮ ಕೆಲಸ ಏನ್ರಿ?"

"ಮಕ್ಕಳು ಹೇಳೋದನ್ನ ಕೇಳೋದು."

"ಕೇಳಿ ಏನ ಮಾಡ್ತೀರಿ?"

"ಬೈಯಲಾರದ ಮತ್ತಷ್ಟು ಕೇಳೋದು."

"ಇದಕ್ಕ ಪಗಾರ ಕೊಡ್ತಾರ?" ಅಂದ. ಹೂಂ ಅಂದೆ. ಖಾಲಿ ಕಪ್ಪು ಎತ್ತಿಕೊಂಡು, "ಲಗ್ನ ಆದಾಗಿಂದ ನಾ ಇದನ್ನ ಪುಕ್ಕಟ ಮಾಡಾಕತ್ತೇನ್ರಿ" ಅಂದು ಹೋದ.

೨. ಶಾಣ್ಯಾಕಿ

ಲಕ್ಷ್ಮೇಶ್ವರದ ಒಂದು ಸಾಲ್ಯಾಗ ಹೆಡ್‌ಮಾಸ್ತರಿಗೆ, "ಮನಸಿಗೆ ತ್ರಾಸ ಇದ್ದ ಮಕ್ಕಳನ್ನ ಕಳಸ್ರಿ" ಅಂದೆ. ಕಿಡಿಗೇಡಿ ಹುಡುಗರ ದಂಡನ್ನ ತಂದು ನಿಲ್ಲಿಸಿದರು. ಅದರಾಗ ಒಬ್ಬ ಬಾಗಿಲದಾಗ ಬಿಟ್ಟ ನನ್ನ ಚಪ್ಪಲಿ ಒಂದನ್ನ ಆಗಲೇ ಮುಚ್ಚಿಟ್ಟಿದ್ದ.

"ಇವರಿಗೆ ಏನ ತ್ರಾಸ್ರಿ ಸರ್?"

"ಇವರಿಗೆಲ್ಲಿ ತ್ರಾಸ್ರಿ? ತ್ರಾಸ ಇರೋದು ನಮಗ."

ವರಾಂಡದಾಗ ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಾಕಿ ಬುತ್ತಿ ಬಿಚ್ಚಿ, ಮುಟ್ಟಲಾರದ ಕುಂತಿದ್ದಳು. "ಆಕಿ?" ಅಂದೆ.

"ಆಕಿನ್ನ ಬಿಡ್ರಿ, ಭಾಳ ಶಾಣ್ಯಾಕಿ. ವರ್ಷದಿಂದ ಪಿಟ್ ಅಂದಿಲ್ಲ. ಶಿಸ್ತಿಗೆ ಬಹುಮಾನ ಕೊಟ್ಟೇವಿ."

ನಾ ಹೋಗಿ ಬಾಜೂ ಕುಂತೆ. ಆಕಿ ಬುತ್ತಿ ಡಬ್ಬಿ ಮುಚ್ಚಿ, "ಎದಿ ಸುಮ್ಮಸುಮ್ಮನ ಡವಡವ ಅಂತೈತ್ರಿ. ಬೆಳಗಾಗೋದ ಬ್ಯಾಡ ಅನಸತೈತಿ" ಅಂದಳು. ಆ ಬುತ್ತಿ ಡಬ್ಬೀನ ಶಿಸ್ತಿಗೆ ಕೊಟ್ಟ ಬಹುಮಾನ ಅಂತ.

೩. ಉಳ್ಳಾಗಡ್ಡಿ

ಆಕಿ ಮನಿಗೆ ಹೋದೆ. ಅವ್ವ, "ಯಾರದೋ ಕೆಟ್ಟ ನೆದರ ಆಗೈತ್ರಿ" ಅಂದಳು. ದರ್ಗಾದ ತಾಯಿತ, ಮಠದ ಅಂಗಾರ ಎರಡೂ ಆಗಿದ್ದವು. "ಅವೂ ಇರಲಿ, ಡಾಕ್ಟರಿಗೂ ತೋರಸೋಣು" ಅಂದೆ. ಅಜ್ಜಿಗೆ ಸಿಟ್ಟು ಬಂತು.

"ನಮ್ಮ ಕಾಲದಾಗ ಈ ಬ್ಯಾಸರ ಗೀಸರ ಇರಲಿಲ್ಲ."

"ನೀವು ಎಂದೂ ಅತ್ತಿಲ್ಲೇನ್ರಿ ಅಜ್ಜಿ?"

"ಅಳತಿದ್ದೆ. ಉಳ್ಳಾಗಡ್ಡಿ ಹೆಚ್ಚುವಾಗ." ಸೆರಗಿನ ಚುಂಗು ಬೆರಳಿಗೆ ಸುತ್ತುತ್ತ, "ಸಾರಿಗೆ ಒಂದ ಸಾಕಿತ್ತು. ನಾ ಬುಟ್ಟಿಗಟ್ಟಲೆ ಹೆಚ್ಚತಿದ್ದೆ" ಅಂದಳು.

ಆಮ್ಯಾಲೆ ಮಗನ ಕಡೆ ತಿರುಗಿ, "ನಾಳೆ ಹುಡುಗಿನ್ನ ಗದಗಿಗೆ ಕರಕೊಂಡ ಹೋಗಪಾ" ಅಂದಾಕಿನೂ ಆಕಿನ.

೪. ದವಡಿ ಹಲ್ಲು

ನಾನೂ ಅವರ ಜೋಡಿ ಹೋದೆ. ಹುಡುಗಿ ಅಪ್ಪ ಓಣಿ ಮಂದಿಗೆ, "ಮಗಳ ಹಲ್ಲು ತೋರಸಾಕ ಹೊಂಟೇನಿ" ಅಂತ ಹೇಳಿ ಬಂದಿದ್ದ. ಮನಸಿನ ಡಾಕ್ಟರ ದವಾಖಾನಿಯೊಳಗ ಕಾಲಿಟ್ಟರ, ಅದ ಓಣಿ ಕಿರಾಣಿ ಅಂಗಡಿಯಾಂವ ತನ್ನ ಮಗನ್ನ ಕರಕೊಂಡು ಕುಂತಾನ. ಒಬ್ಬರ ಮಾರಿ ಒಬ್ಬರು ನೋಡಿದರು.

"ನಿಮ್ಮದೂ ಹಲ್ಲೇನ್ರಿ?" ಅಂದ ಹುಡುಗಿ ಅಪ್ಪ.

"ಹೂನ್ರಿ. ದವಡಿ ಹಲ್ಲು."

ಹುಡುಗಿ ಮೂಗಿನಾಗ ನಕ್ಕಳು. ಆಕಿ ನಕ್ಕಿದ್ದು ನಾ ಅವತ್ತ ಮದಲ ಕೇಳಿದ್ದು.

೫. ತ್ರಾಸ

ಗುಳಿಗಿ, ಮಾತು, ರಾತ್ರಿ ಅಜ್ಜಿ ಬಾಜೂ ನಿದ್ದಿ. ನಿಧಾನಕ ಹಿಡೀತು. ಮುಂಡರಗಿ ಸಾಲಿಗಳನ್ನ ಮುಗಿಸಿ ನಾ ಮತ್ತ ಲಕ್ಷ್ಮೇಶ್ವರಕ್ಕ ಹೋದರ, ಹೆಡ್‌ಮಾಸ್ತರು ಗಾಬರಿಯಾಗಿದ್ದರು.

"ಏನ ಮಾಡಿದ್ರಿ ಅಕ್ಕಾರ? ಶಾಣ್ಯಾ ಹುಡುಗಿ ಕೆಟ್ಟಹೋತಲ್ರಿ. ಪಾಠದಾಗ ಕಿಸಿಕಿಸಿ ನಗತಾಳ, ಕೇಳಿದರ ಎದುರುತ್ತರ ಕೊಡತಾಳ."

ವರಾಂಡದಾಗ ಕಿಡಿಗೇಡಿಗಳ ನಡುವ ಆಕಿನೂ ಶಿಕ್ಷಾಕ ನಿಂತಿದ್ದಳು. ಕಾಲ ಬಾಜೂಕ ಇಟ್ಟಿದ್ದ ಬುತ್ತಿ ಡಬ್ಬಿ ಖಾಲಿ ಇತ್ತು. ನನ್ನ ಕಣ್ಣು ತುಂಬಿ ಬಂದವು.

"ಈಕಿನ್ನೂ ನಿಮ್ಮ ಕಡೆ ಕಳಸ್ಲೇನ್ರಿ?"

"ಈಕಿಗೆಲ್ಲಿ ತ್ರಾಸ್ರಿ ಸರ್? ಈಗ ತ್ರಾಸ ಇರೋದು ನಿಮಗ" ಅಂದು ಹೊಂಟೆ.

ಬಾಗಿಲದಾಗ ನೋಡಿದರ ನನ್ನ ಚಪ್ಪಲಿ ಒಂದ ಇತ್ತು. ಶಾಣ್ಯಾಕಿ ಎರಡೂ ಕೈ ಬೆನ್ನ ಹಿಂದ ಇಟ್ಟುಕೊಂಡು ಮುಗಿಲು ನೋಡಾಕತ್ತಿದ್ದಳು.